ಸುದ್ದಿಮನೆಗೆ ಬರುವ ಸಿಟ್ಟಿನ ಫೋನ್‌ಗಳು: ನೀವು ಹೇಗೆ ನಿಭಾಯಿಸುತ್ತೀರಿ?

ಡೆಸ್ಕ್ ಉಪಸಂಪಾದಕಿ

ನಮ್ಮದು ಸಣ್ಣ ಸ್ಥಳೀಯ ಪತ್ರಿಕೆ. ಸಂಪಾದಕೀಯ ವಿಭಾಗದ ನಂಬರ್ ಕೊನೆ ಪುಟದ ಕೆಳಗೆ ಅಚ್ಚಾಗಿರುತ್ತದೆ. ಬೆಳಿಗ್ಗೆ ಪೇಪರ್ ಮನೆ ಸೇರಿದ್ದೇ ತಡ, ಫೋನ್ ಶುರು. ನಿಧನ ವಾರ್ತೆಯಲ್ಲಿ ಹೆಸರು ತಪ್ಪಾಗಿದೆ ಅಂತ ಒಬ್ಬರು. ತಲೆಬರಹವೇ ಬೇರೆ, ಒಳಗಿರುವ ಸುದ್ದಿಯೇ ಬೇರೆ ಅಂತ ಇನ್ನೊಬ್ಬರು. ನಮ್ಮ ಕಾರ್ಯಕ್ರಮದ ಸುದ್ದಿ ಯಾಕೆ ಹಾಕಿಲ್ಲ, ಅವರದ್ದು ಮಾತ್ರ ಫೋಟೊ ಸಮೇತ ಹೇಗೆ ಬಂತು ಅಂತ ಜಗಳಕ್ಕೇ ನಿಲ್ಲುವವರು ಬೇರೆ.

ಆ ಹೊತ್ತಿಗೆ ಫೋನ್ ಎತ್ತುವುದು ಹೊಸದಾಗಿ ಸೇರಿದ ಹುಡುಗ ಹುಡುಗಿಯರು. ಸುದ್ದಿ ಬರೆದ ವರದಿಗಾರರು ಇನ್ನೂ ಬಂದಿರುವುದಿಲ್ಲ. ಪುಟ ಮುಗಿಸಿದವರು ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಹೀಗಾಗಿ ಆ ಪುಟದ ಬಗ್ಗೆ ಏನೂ ಗೊತ್ತಿಲ್ಲದವರೇ ಬೈಗುಳ ಕೇಳಬೇಕಾಗುತ್ತದೆ.

ಇತ್ತೀಚಿನ ಒಂದು ಕರೆಯ ಬಗ್ಗೆ ಹೇಳುತ್ತೇನೆ. ವಂಚನೆ ಪ್ರಕರಣವೊಂದರ ಕೋರ್ಟ್ ಸುದ್ದಿ ಬಂದಿತ್ತು. ಬೆಳಿಗ್ಗೆ ಒಬ್ಬರು ಫೋನ್ ಮಾಡಿ ಒಂದೇ ಸಮನೆ ಕೂಗಾಡಿದರು. ನಮ್ಮ ಟ್ರೈನಿ ಹುಡುಗಿ "ಸರ್, ಕೋರ್ಟ್‌ನಲ್ಲಿ ಆಗಿದ್ದನ್ನೇ ಬರೆದಿದ್ದೇವೆ", "ದೂರಿದ್ದರೆ ಬರೆದು ಕಳಿಸಿ ಸರ್" ಅಂತ ಎರಡೇ ಮಾತನ್ನು ತಿರುಗಾ ಮುರುಗಾ ಹೇಳುತ್ತಿದ್ದಳು. ಅವರ ದನಿ ಇನ್ನೂ ಜೋರಾಯಿತು. ಕೊನೆಗೆ ನಾನು ಫೋನ್ ತೆಗೆದುಕೊಂಡೆ. ಅವರು ಆರೋಪಿ ಅಲ್ಲವೇ ಅಲ್ಲ! ಅದೇ ಹೆಸರಿನ ಬೇರೆ ವ್ಯಕ್ತಿ. ಸುದ್ದಿಯಲ್ಲಿ ಆರೋಪಿಯ ಹೆಸರು ಮತ್ತು ಊರು ಇತ್ತು. ವಯಸ್ಸು, ಉದ್ಯೋಗ ಇರಲಿಲ್ಲ. ಬೆಳಗಿನಿಂದ ಅವರ ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ವಿಚಾರಿಸುತ್ತಿದ್ದರಂತೆ. ಸುದ್ದಿ ತಪ್ಪು ಅಂತ ಅವರು ಹೇಳುತ್ತಲೇ ಇರಲಿಲ್ಲ. "ಅದು ನಾನಲ್ಲ ಅಂತ ಒಂದು ಸಾಲು ಹಾಕಿ" ಅನ್ನುವುದಷ್ಟೇ ಅವರ ಕೋರಿಕೆ. ಆ ಒಂದು ಸಾಲು ನಮಗೆ ಕೇಳಿಸುವುದಕ್ಕೆ ಅಷ್ಟು ಹೊತ್ತು ಬೇಕಾಯಿತು. ಮರುದಿನವೇ ಸ್ಪಷ್ಟನೆ ಹಾಕಿದೆವು.

ಕೂಗಾಟದ ನಡುವೆ ಆ ಒಂದು ಸಾಲನ್ನು ಹಿಡಿಯುವುದನ್ನು ಹೊಸಬರಿಗೆ ಕಲಿಸುವುದು ಹೇಗೆ? ಎಲ್ಲಿಯವರೆಗೆ ಕೇಳಿಸಿಕೊಳ್ಳಬೇಕು, ಎಲ್ಲಿ ಫೋನ್ ಇಡಬೇಕು? ನಿಮ್ಮಲ್ಲಿ ಏನು ಪದ್ಧತಿ ಇದೆ, ಹೇಳಿ.

ನಿವೃತ್ತ ಸುದ್ದಿ ಸಂಪಾದಕ

ಮೇಡಂ, ಒಳ್ಳೆ ವಿಷಯ ಎತ್ತಿದ್ದೀರಿ. ಸುದ್ದಿ ಬರೆಯುವುದನ್ನು, ಪುಟ ಕಟ್ಟುವುದನ್ನು ಎಲ್ಲರೂ ಕಲಿಸುತ್ತಾರೆ. ಫೋನ್ ಎತ್ತುವುದನ್ನು ಯಾರೂ ಕಲಿಸುವುದಿಲ್ಲ.

ನಾನು ಹೊಸಬರಿಗೆ ಹೇಳುತ್ತಿದ್ದದ್ದು ಇಷ್ಟು. ಮೊದಲ ಒಂದೆರಡು ನಿಮಿಷ ಅವರ ಮಾತಿಗೆ ಅಡ್ಡ ಬರಬೇಡಿ. ಪೆನ್ನು ಕೈಯಲ್ಲಿರಲಿ. ಉಸಿರು ತೆಗೆದುಕೊಳ್ಳಲು ಅವರು ನಿಂತಾಗ ಮೂರು ಪ್ರಶ್ನೆ ಕೇಳಿ. ಯಾವ ದಿನದ ಪತ್ರಿಕೆ? ಯಾವ ಪುಟ? ಯಾವ ಸಾಲು? ಆ ಸಾಲನ್ನು ಓದಿ ಹೇಳಿ ಅಂತ ಅವರನ್ನೇ ಕೇಳಿ. ಓದಬೇಕಾದರೆ ಪತ್ರಿಕೆ ತೆಗೆಯಬೇಕು, ಕನ್ನಡಕ ಹುಡುಕಬೇಕು, ಪುಟ ತಿರುಗಿಸಬೇಕು. ಅಷ್ಟರಲ್ಲಿ ದನಿ ಅರ್ಧಕ್ಕೆ ಇಳಿದಿರುತ್ತದೆ. ಕೆಲವರಿಗೆ ಓದುವಾಗಲೇ ತಾವು ಅಂದುಕೊಂಡ ಹಾಗೆ ಅಲ್ಲಿ ಬರೆದಿಲ್ಲ ಅಂತ ಗೊತ್ತಾಗುತ್ತದೆ. ಇನ್ನು ಕೆಲವು ಸಲ, ನಾವು ಬರೆದಿದ್ದು ನಿಜಕ್ಕೂ ಎಡವಟ್ಟಾಗಿದೆ ಅಂತ ನಮಗೇ ಗೊತ್ತಾಗುತ್ತದೆ. ನಾಲ್ಕನೇ ಪ್ರಶ್ನೆ ತುಂಬ ಮುಖ್ಯ. "ಈಗ ನಾವು ಏನು ಮಾಡಬೇಕು ಅಂತ ನಿಮ್ಮ ಅಪೇಕ್ಷೆ?" ನಿಮ್ಮ ಟ್ರೈನಿ ಇದನ್ನು ಕೇಳಿದ್ದರೆ ಆ ಮನುಷ್ಯ ಆಗಲೇ ಹೇಳಿಬಿಡುತ್ತಿದ್ದರು.

"ಸಮಾಧಾನ ಮಾಡಿಕೊಳ್ಳಿ" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಅದನ್ನು ಕೇಳಿ ಸಮಾಧಾನ ಆದವರನ್ನು ನಾನು ನೋಡಿಲ್ಲ.

ಇನ್ನೊಂದು ಸಂಗತಿ. ಪರಿಶೀಲಿಸುವ ಮೊದಲು ಎರಡೂ ಕಡೆ ವಾಲಬಾರದು. "ನಮ್ಮ ವರದಿಗಾರರು ಹಾಗೆಲ್ಲ ತಪ್ಪು ಬರೆಯುವವರಲ್ಲ" ಅನ್ನುವುದೂ ತಪ್ಪು, "ಅಯ್ಯೋ, ಅವರು ತಪ್ಪು ಬರೆದುಬಿಟ್ಟಿರಬೇಕು" ಅನ್ನುವುದೂ ತಪ್ಪು. ಎರಡನೆಯದು ನಾಳೆ ಲಾಯರ್ ನೋಟಿಸ್‌ನಲ್ಲಿ "ನಿಮ್ಮ ಕಚೇರಿಯವರೇ ಒಪ್ಪಿಕೊಂಡಿದ್ದಾರೆ" ಅಂತ ವಾಪಸ್ ಬರುತ್ತದೆ. ನಿಮ್ಮ ಕೈಯಲ್ಲಿರುವುದಕ್ಕೆ ಮಾತ್ರ ಮಾತು ಕೊಡಿ. "ವರದಿಗಾರರನ್ನು ಕೇಳಿ ಸಂಜೆ ನಾಲ್ಕರೊಳಗೆ ನಾನೇ ಫೋನ್ ಮಾಡುತ್ತೇನೆ" ಅನ್ನಬಹುದು. "ನಾಳೆ ತಿದ್ದುಪಡಿ ಹಾಕ್ತೀವಿ" ಅನ್ನಬಾರದು. ಹೇಳಿದ ಮೇಲೆ ನಾಲ್ಕರೊಳಗೆ ಮಾಡಲೇಬೇಕು. ಉತ್ತರ "ಇಲ್ಲ, ನಮ್ಮ ವರದಿ ಸರಿಯಾಗಿದೆ" ಅಂತಿದ್ದರೂ ಮಾಡಬೇಕು. ಅಂಥ ಫೋನ್ ಮಾಡುವುದು ಯಾರಿಗೂ ಇಷ್ಟವಿಲ್ಲ. ಅದಕ್ಕೇ ನಾವು ಮರೆತುಬಿಡುತ್ತೇವೆ, ಅವರು ಮರುದಿನ ದುಪ್ಪಟ್ಟು ಸಿಟ್ಟಿನಲ್ಲಿ ಮಾಡುತ್ತಾರೆ.

ಕೋರ್ಟ್ ವರದಿಗಾರ್ತಿ

ಒಂದೇ ಹೆಸರಿನವರ ಗೊಂದಲ ನಮ್ಮ ಬೀಟ್‌ನಲ್ಲಿ ಯಾವಾಗಲೂ ಇರುವುದೇ. ಹೆಸರು, ವಯಸ್ಸು, ಉದ್ಯೋಗ ಮೂರೂ ಇದ್ದರೆ ಇಂಥ ಕರೆಗಳು ಬಹಳ ಕಡಿಮೆಯಾಗುತ್ತವೆ. ಜಾಗ ಉಳಿಸಲು ಡೆಸ್ಕ್‌ನಲ್ಲಿ ಮೊದಲು ಕತ್ತರಿಸುವುದು ಇವನ್ನೇ. ದಯವಿಟ್ಟು ಕತ್ತರಿಸಬೇಡಿ.

ಸುದ್ದಿ ಸಂಪಾದಕರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಸರ್, "ಒಂದೆರಡು ನಿಮಿಷ ಅಡ್ಡ ಬರಬೇಡಿ" ಅನ್ನುವುದಕ್ಕೆ ಒಂದು ಗೆರೆ ಬೇಕು. ಸಿಟ್ಟು ಬೇರೆ, ಹೊಲಸು ಮಾತು ಬೇರೆ. ಫೋನ್ ಎತ್ತಿದ್ದು ಹೆಣ್ಣು ದನಿ ಅಂತ ಗೊತ್ತಾದ ಕೂಡಲೇ ಮಾತಿನ ವರಸೆ ಬದಲಾಗುವುದನ್ನು ನಾವೆಲ್ಲ ಅನುಭವಿಸಿದ್ದೇವೆ. "ನೀವು ಹೀಗೆ ಮಾತಾಡಿದರೆ ಫೋನ್ ಇಡುತ್ತೇನೆ, ದೂರು ಹೇಳುವುದಾದರೆ ಕೇಳುತ್ತೇನೆ" ಅಂತ ಒಂದು ಸಲ ಹೇಳಬೇಕು. ಎರಡನೇ ಸಲ ಇಟ್ಟುಬಿಡಬೇಕು. ಇಟ್ಟಿದ್ದಕ್ಕೆ ಮೇಲಿನವರು ಬೈಯುವುದಿಲ್ಲ ಅನ್ನುವ ಧೈರ್ಯ ಟ್ರೈನಿಗಳಿಗೆ ಮೊದಲೇ ಕೊಟ್ಟಿರಬೇಕು.

ಬೆದರಿಕೆ ಆದರೆ ಇನ್ನೂ ಬೇರೆ. ವಾದ ಮಾಡಬೇಡಿ. ಅವರು ಬಳಸಿದ ಮಾತನ್ನು ಹಾಗೇ ಬರೆದಿಡಿ. "ಬೆದರಿಕೆ ಹಾಕಿದರು" ಅಂತ ಬರೆದರೆ ಏನೂ ಪ್ರಯೋಜನವಿಲ್ಲ. ಸಮಯ, ನಂಬರ್ ಬರೆದು ಕೂಡಲೇ ಸಂಪಾದಕರಿಗೆ ಮತ್ತು ಯಾರ ಹೆಸರು ಹೇಳಿದರೋ ಆ ವರದಿಗಾರರಿಗೆ ತಿಳಿಸಿ. ವರದಿಗಾರರ ಸ್ವಂತ ನಂಬರ್, ಮನೆ ಎಲ್ಲಿ, ಈಗ ಯಾವ ಕಡೆ ಹೋಗಿದ್ದಾರೆ, ಯಾವುದನ್ನೂ ಹೇಳಬೇಡಿ. "ಅವರ ಸ್ನೇಹಿತ ಮಾತಾಡ್ತಿರೋದು" ಅಂತ ನಯವಾಗಿ ಕೇಳಿದರೂ ಅಷ್ಟೇ.

ಹಳೆಯ ಓದುಗ

ನಾನು ಪತ್ರಕರ್ತ ಅಲ್ಲ. ಫೋನಿನ ಆ ಕಡೆ ಇದ್ದವನು. ನನ್ನ ಮಾತೂ ಸೇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ತಂದೆ ತೀರಿಕೊಂಡಾಗ ನಿಧನ ವಾರ್ತೆ ಕೊಟ್ಟಿದ್ದೆವು. ಪತ್ರಿಕೆಯಲ್ಲಿ ತಂದೆಯ ಫೋಟೊ ಕೆಳಗೆ ನಮ್ಮ ದೊಡ್ಡಪ್ಪನ ಹೆಸರು ಬಂತು. ದೊಡ್ಡಪ್ಪ ಬದುಕಿದ್ದಾರೆ. ಆ ಬೆಳಿಗ್ಗೆ ಸಂತಾಪದ ಫೋನ್‌ಗಳು ಅವರಿಗೇ ಹೋದವು. ತಮ್ಮನನ್ನು ಕಳೆದುಕೊಂಡ ದುಃಖದಲ್ಲಿದ್ದವರು "ನಾನೇ ಮಾತಾಡ್ತಿರೋದು" ಅಂತ ಎಲ್ಲರಿಗೂ ಹೇಳಬೇಕಾಯಿತು.

ನಾನು ಪತ್ರಿಕೆಗೆ ಫೋನ್ ಮಾಡಿದಾಗ ನಿಜವಾಗಿ ಸಿಟ್ಟಿರಲಿಲ್ಲ, ಸಂಕಟ ಇತ್ತು. ಎತ್ತಿದವರು "ಇದು ಜಾಹೀರಾತು ವಿಭಾಗದ್ದು" ಅಂದರು. ಅಲ್ಲಿ "ಇದು ಸುದ್ದಿಯಾಗಿ ಬಂದಿದೆ, ಸಂಪಾದಕೀಯದವರನ್ನು ಕೇಳಿ" ಅಂದರು. ಮತ್ತೆ ಅಲ್ಲಿಗೆ ಮಾಡಿದರೆ "ಸರ್ ಮೀಟಿಂಗ್‌ನಲ್ಲಿದ್ದಾರೆ" ಅಂದರು. ಪ್ರತಿ ಸಲವೂ ಅಪ್ಪ ತೀರಿಕೊಂಡಿದ್ದನ್ನು ಮೊದಲಿನಿಂದ ಹೇಳಬೇಕು. ಕೊನೆಗೆ ಸಿಕ್ಕವರ ಮೇಲೆ ಕೂಗಾಡಿದೆ. ಅವರ ಪಾಲಿಗೆ ನಾನು ಕಿರಿಕಿರಿಯ ಮನುಷ್ಯ ಆಗಿರಬಹುದು. ಆದರೆ ಆ ಸಿಟ್ಟು ಹುಟ್ಟಿದ್ದು ನಿಮ್ಮ ಕಚೇರಿಯಲ್ಲೇ ಅಲ್ವಾ?

ಮರುದಿನ ಒಳಪುಟದ ಮೂಲೆಯಲ್ಲಿ "ನಿನ್ನೆ ಪ್ರಕಟವಾದ ನಿಧನ ವಾರ್ತೆಯಲ್ಲಿ ಹೆಸರು ತಪ್ಪಾಗಿ ಮುದ್ರಿತವಾಗಿದೆ, ವಿಷಾದಿಸುತ್ತೇವೆ" ಅಂತ ಬಂತು. ಯಾರ ನಿಧನ ವಾರ್ತೆ? ಸರಿ ಹೆಸರು ಯಾವುದು? ಒಂದೂ ಇರಲಿಲ್ಲ. ನಿಧನ ವಾರ್ತೆಯನ್ನು ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು ಏನೂ ಇಲ್ಲ.

ನಿವೃತ್ತ ಸುದ್ದಿ ಸಂಪಾದಕ

ಓದಿ ಮನಸ್ಸಿಗೆ ಬೇಜಾರಾಯಿತು ಸರ್. ನೀವು ಹೇಳಿದ ಥರದ ವಿಷಾದವನ್ನು ತಿದ್ದುಪಡಿ ಅಂತ ಕರೆಯಲೇಬಾರದು. ಯಾವ ದಿನ, ಯಾವ ಪುಟ, ಯಾವ ಸುದ್ದಿ, ಸರಿಯಾದದ್ದು ಏನು, ಇಷ್ಟೂ ಇರಬೇಕು. ಯಾರದಾದರೂ ಮಾನಕ್ಕೆ ಕುಂದು ತರುವ ತಪ್ಪಾಗಿದ್ದರೆ ಆ ತಪ್ಪು ಮಾತನ್ನೇ ಮತ್ತೆ ಅಚ್ಚು ಹಾಕಬಾರದು. ಸರಿಯಾದದ್ದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು.

ಹೆಸರಿನ ತಪ್ಪನ್ನು ಸಣ್ಣದು ಅಂತ ಭಾವಿಸುವ ಡೆಸ್ಕ್‌ನವರಿಗೆ ನಾನು ಒಂದು ಉದಾಹರಣೆ ಹೇಳುತ್ತಿದ್ದೆ. ಅಪಹರಣಕ್ಕೆ ಒಳಗಾಗಿ ಗುಲಾಮಗಿರಿಗೆ ಮಾರಾಟವಾಗಿ, ಕೊನೆಗೆ ಬಿಡುಗಡೆಯಾದ ಸಾಲೊಮನ್ ನಾರ್ಥಪ್ ಅವರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ 1853ರಲ್ಲಿ ಸುದ್ದಿ ಮಾಡಿತ್ತು. ಸುದ್ದಿಯಲ್ಲಿ ಅವರ ಹೆಸರು ಒಂದು ರೀತಿ ತಪ್ಪಾಗಿತ್ತು, ತಲೆಬರಹದಲ್ಲಿ ಇನ್ನೊಂದು ರೀತಿ. ಓದುಗರೊಬ್ಬರು ಅದನ್ನು ಗಮನಿಸಿ ತೋರಿಸಿದ ಮೇಲೆ ಆ ಪತ್ರಿಕೆ 2014ರ ಮಾರ್ಚ್‌ನಲ್ಲಿ ತಿದ್ದುಪಡಿ ಪ್ರಕಟಿಸಿತು. 161 ವರ್ಷ ಆದ ಮೇಲೆ! ಅಷ್ಟು ಹಳೆಯದಕ್ಕೂ ತಿದ್ದುಪಡಿ ಹಾಕಬಹುದಾದರೆ ನಿನ್ನೆಯದಕ್ಕೆ ಹಾಕಲು ಏನು ಕಷ್ಟ?

ಪುಟವಿನ್ಯಾಸಕ

ಕಷ್ಟ ಏನು ಅಂತ ನಾನು ಹೇಳ್ತೀನಿ ಸರ್. ಜಾಗ. ರಾತ್ರಿ ಪುಟ ಬಿಡುವ ಹೊತ್ತಿಗೆ ಜಾಹೀರಾತು ಬಂತು ಅಂದರೆ ಮೊದಲು ಹೋಗುವುದು ತಿದ್ದುಪಡಿಯೇ. ಅದಕ್ಕೊಂದು ಕಾಯಂ ಜಾಗ ಗುರುತು ಮಾಡಿಟ್ಟರೆ ಮಾತ್ರ ಉಳಿಯುತ್ತದೆ.

ಹೊಸ ಟ್ರೈನಿ

ನಾನು ಬೆಳಗಿನ ಪಾಳಿಯಲ್ಲಿ ಫೋನ್ ಎತ್ತುವವನು. ಒಂದು ಪ್ರಶ್ನೆ. ದೂರುಗಳನ್ನು ಇಮೇಲ್‌ನಲ್ಲಿ ಮಾತ್ರ ತೆಗೆದುಕೊಳ್ಳುತ್ತೇವೆ ಅಂದರೆ ಆಗುವುದಿಲ್ಲವಾ? ಬರೆಯುವಾಗ ಜನ ಸ್ವಲ್ಪ ಯೋಚಿಸುತ್ತಾರೆ, ದಾಖಲೆಯೂ ಉಳಿಯುತ್ತದೆ. ಬೆಳಿಗ್ಗೆ ಬೆಳಿಗ್ಗೆ ಬೈಸಿಕೊಂಡರೆ ಇಡೀ ದಿನ ಕೆಲಸ ಮಾಡುವ ಮನಸ್ಸೇ ಇರುವುದಿಲ್ಲ.

ಬಿಡಿ ಸುದ್ದಿಗಾರ

ತಮ್ಮಾ, ನಿನ್ನ ಕಷ್ಟ ಅರ್ಥ ಆಗುತ್ತದೆ. ಆದರೆ ನಮ್ಮ ಓದುಗರಲ್ಲಿ ಎಷ್ಟು ಜನ ಇಮೇಲ್ ಬರೆಯುತ್ತಾರೆ ಹೇಳು? ಅಧಿಕಾರಿಗಳು ಬರೆಯುತ್ತಾರೆ, ಸಂಘಟನೆಯವರು ಬರೆಯುತ್ತಾರೆ, ಲಾಯರ್‌ಗಳು ಬರೆಯುತ್ತಾರೆ. ಸುದ್ದಿಯಿಂದ ನಿಜವಾಗಿ ಪೆಟ್ಟು ತಿಂದ ಬಡವರಿಗೆ ಇರುವುದು ಫೋನ್ ಒಂದೇ. ಅದನ್ನೂ ಮುಚ್ಚಿದರೆ ದೊಡ್ಡವರ ದೂರು ಮಾತ್ರ ನಮ್ಮ ತನಕ ಬರುತ್ತದೆ. ಅವರು ಫೋನಿನಲ್ಲಿ ಹೇಳಲಿ, ನೀನು ಬರೆದುಕೊಂಡು ಅವರಿಗೇ ಓದಿ ಹೇಳು. ದಾಖಲೆ ಆಯಿತಲ್ಲ.

ನನಗೆ ಫೋನಿಗಿಂತ ಎದುರಿಗೆ ಸಿಗುವವರೇ ಜಾಸ್ತಿ. ಬರೆದ ಊರಿನಲ್ಲೇ ಬದುಕಬೇಕು. ಯಾರ ಬಗ್ಗೆ ಬರೆದೆನೋ ಅವರೇ ಮರುದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಾರೆ. ತಪ್ಪಿನ ದೂರು ನನಗೆ ಅಷ್ಟು ಕಷ್ಟ ಅಲ್ಲ. ಕಷ್ಟ ಆಗುವುದು "ಹೆಸರು ಹಾಕಬೇಡಿ" ಅನ್ನುವ ಕರೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಹುಡುಗನ ತಾಯಿ ಅಳುತ್ತಾರೆ. "ಹೆಸರು ಬಂದರೆ ಮಗನ ಕೆಲಸ ಹೋಗುತ್ತೆ" ಅನ್ನುತ್ತಾರೆ. ಆಕೆ ಸುಳ್ಳು ಹೇಳುತ್ತಿಲ್ಲ, ಕೆಲಸ ಹೋದರೂ ಹೋಗಬಹುದು.

ಆಗ ನಾನು ಹೇಳುವುದು ಹೀಗೆ. "ಅಮ್ಮಾ, ಹೆಸರು ಹಾಕುವುದು ಬಿಡುವುದು ನನ್ನೊಬ್ಬನ ತೀರ್ಮಾನ ಅಲ್ಲ. ಇಂಥ ಕೇಸಿನಲ್ಲಿ ಎಲ್ಲರ ಹೆಸರನ್ನೂ ಹಾಕುತ್ತೇವೆ. ನಿಮ್ಮ ಮಾತನ್ನು ಸಂಪಾದಕರಿಗೆ ತಿಳಿಸುತ್ತೇನೆ, ಆದರೆ ಬಿಡುತ್ತೇವೆ ಅಂತ ನಂಬಿಸುವುದಿಲ್ಲ." ಒಬ್ಬರ ಹೆಸರು ಬಿಟ್ಟರೆ ಆ ಸುದ್ದಿ ಹೇಗೋ ಹರಡುತ್ತದೆ. ಮುಂದಿನ ವಾರ ಹೆಸರು ಬಂದವನ ಮನೆಯವರು "ಅವರು ನಿಮಗೆ ಬೇಕಾದವರು, ನಾವು ಬೇಡದವರು" ಅನ್ನುತ್ತಾರೆ. ಅದಕ್ಕೆ ಕೊಡಲು ನಮ್ಮಲ್ಲಿ ಉತ್ತರ ಇರುವುದಿಲ್ಲ. ಆದರೆ ಪೂರ್ತಿ ಕೇಳಿಸಿಕೊಳ್ಳಬೇಕು. ಆ ಅಳುವಿನ ನಡುವೆ "ಗಾಡಿ ಓಡಿಸುತ್ತಿದ್ದದ್ದು ಅವನಲ್ಲ" ಅನ್ನುವ ಮಾತು ಬಂತು ಅಂದುಕೊಳ್ಳಿ. ಆಗ ಅದು ಬರೀ ಕೋರಿಕೆ ಅಲ್ಲ, ಪರಿಶೀಲಿಸಬೇಕಾದ ಮಾಹಿತಿ. ಪೊಲೀಸರನ್ನು ಮತ್ತೆ ಕೇಳಬೇಕು.

ಜಾಹೀರಾತುದಾರರ ಕರೆಗೂ ಇದೇ ನಿಯಮ. "ಜಾಹೀರಾತು ನಿಲ್ಲಿಸ್ತೀನಿ" ಅಂದರೆ ಅದಕ್ಕೆ ನಾವು ಉತ್ತರಿಸಲೇಬಾರದು. ಸಂಪಾದಕರಿಗೆ ದಾಟಿಸಿ, ಮುಗಿಯಿತು.

ಪತ್ರಿಕಾ ವಕೀಲ

"ಕೇಸ್ ಹಾಕ್ತೀನಿ" ಅನ್ನುವ ಮಾತಿಗೆ ಹೊಸಬರು ಹೆದರುತ್ತಾರೆ, ಹಳಬರು "ಹಾಕ್ಕೊಳ್ಳಿ" ಅನ್ನುತ್ತಾರೆ. ಎರಡೂ ಬೇಡ. "ನಿಮ್ಮ ದೂರು ಏನು ಅಂತ ಬರೆದುಕೊಂಡಿದ್ದೇನೆ, ಸಂಪಾದಕರಿಗೆ ಕೊಡುತ್ತೇನೆ" ಅಂದರೆ ಸಾಕು. ಕಾನೂನಿನ ಮಾತು ಬಂದ ಮೇಲೆ ಸುದ್ದಿಯ ವಿವರವನ್ನು ಫೋನಿನಲ್ಲಿ ಚರ್ಚಿಸಬೇಡಿ. ವರದಿಗಾರರ ನೋಟ್‌ಬುಕ್, ರೆಕಾರ್ಡಿಂಗ್, ಪ್ರೆಸ್ ನೋಟ್, ಡೆಸ್ಕ್‌ಗೆ ಬಂದ ಮೂಲ ಪ್ರತಿ ಎಲ್ಲವನ್ನೂ ಅವತ್ತೇ ತೆಗೆದಿಡಿ.

ಭಾರತದಲ್ಲಿ ಪತ್ರಿಕಾ ಮಂಡಳಿಗೆ (ಪ್ರೆಸ್ ಕೌನ್ಸಿಲ್) ದೂರು ಕೊಡುವ ದಾರಿ ಇದೆ ಅಂತ ಕರೆ ಮಾಡಿದವರಿಗೆ ನಾವೇ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ಸಂಪಾದಕರಿಗೆ ಬರೆದು ಸರಿಪಡಿಸಲು ಕೇಳಿರಬೇಕು. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ ಮಂಡಳಿಗೆ ದೂರು ಹೋಗಬೇಕು. 1978ರ ಕಾಯ್ದೆ ಪ್ರಕಾರ ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಇಲ್ಲ. ದಾರಿ ತೋರಿಸಿದರೆ ದೂರು ಜಾಸ್ತಿಯಾಗುತ್ತದೆ ಅಂತ ಮಾಲೀಕರು ಹೆದರುತ್ತಾರೆ. ನನ್ನ ಅನುಭವದಲ್ಲಿ ದಾರಿ ಗೊತ್ತಿಲ್ಲದವರೇ ಕಚೇರಿ ಬಾಗಿಲಿಗೆ ಜನ ಕಟ್ಟಿಕೊಂಡು ಬರುತ್ತಾರೆ.

ಡೆಸ್ಕ್ ಉಪಸಂಪಾದಕಿ

ಎಲ್ಲರಿಗೂ ಥ್ಯಾಂಕ್ಸ್. ವೆಬ್‌ಸೈಟ್‌ನಲ್ಲಿರುವ ಹಳೆಯ ಸುದ್ದಿ ತೆಗೆಯಿರಿ ಅನ್ನುವ ಕರೆಗಳು ಈಗ ಜಾಸ್ತಿ ಆಗಿವೆ. ಅದಕ್ಕೆ ಏನು ಹೇಳುತ್ತೀರಿ?

ವೆಬ್ ಡೆಸ್ಕ್

ಇದು ಮುದ್ರಣದ ಕಾಲದಲ್ಲಿ ಇರದಿದ್ದ ತೊಂದರೆ. ಪೇಪರ್ ರದ್ದಿಗೆ ಹೋಗುತ್ತಿತ್ತು, ಜನ ಮರೆಯುತ್ತಿದ್ದರು. ಈಗ ಹೆಸರು ಹುಡುಕಿದರೆ ಹತ್ತು ವರ್ಷದ ಹಿಂದಿನದೂ ಮೊದಲ ಸಾಲಿನಲ್ಲೇ ಬರುತ್ತದೆ.

ಸ್ಪೇನ್‌ನ ಲಾ ವ್ಯಾನ್‌ಗ್ವಾರ್ಡಿಯಾ ಪತ್ರಿಕೆಯಲ್ಲಿ 1998ರಲ್ಲಿ ಬಂದಿದ್ದ ಒಂದು ಹರಾಜು ಪ್ರಕಟಣೆಯಿಂದಲೇ ಈ ವಿಷಯದ ದೊಡ್ಡ ಕೇಸ್ ಆಯಿತು. ಸಾಲ ತೀರಿ ವರ್ಷಗಳಾದರೂ ತನ್ನ ಹೆಸರು ಹುಡುಕಿದರೆ ಅದೇ ಬರುತ್ತದೆ ಅಂತ ಒಬ್ಬರು ದೂರು ಕೊಟ್ಟರು. ಯುರೋಪಿನ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಇಂಥ ಸಂದರ್ಭದಲ್ಲಿ ಹೆಸರು ಹುಡುಕಿದಾಗ ಬರುವ ಲಿಂಕ್ ತೆಗೆಯಬೇಕಾದದ್ದು ಗೂಗಲ್. ಪತ್ರಿಕೆಯ ಪುಟ ಹಾಗೇ ಉಳಿಯಿತು. ಆಮೇಲೆ ಕೆಲವು ಪತ್ರಿಕೆಗಳು ತಾವಾಗಿಯೇ ಮುಂದೆ ಬಂದವು. ಅಮೆರಿಕದ ಕ್ಲೀವ್‌ಲ್ಯಾಂಡ್ ಡಾಟ್ ಕಾಮ್ 2018ರಲ್ಲಿ, ಬಾಸ್ಟನ್ ಗ್ಲೋಬ್ 2021ರಲ್ಲಿ ಹಳೆಯ ಸಣ್ಣ ಅಪರಾಧಗಳ ಸುದ್ದಿಯ ಬಗ್ಗೆ ಜನರಿಂದ ಅರ್ಜಿ ತೆಗೆದುಕೊಂಡು ಪರಿಶೀಲಿಸುವ ವ್ಯವಸ್ಥೆ ಮಾಡಿದವು.

ನಮ್ಮಲ್ಲಿ ಕರೆ ಬಂದರೆ ಮೊದಲು ಕೇಳುವುದು, ಆ ಕೇಸ್ ಏನಾಯಿತು ಅಂತ. ಬಂಧನ ಆದ ದಿನ ಸುದ್ದಿ ಮಾಡಿರುತ್ತೇವೆ, ಖುಲಾಸೆ ಆದ ದಿನ ಮಾಡಿರುವುದಿಲ್ಲ. ಇದು ನಮ್ಮ ವೃತ್ತಿಯ ದೊಡ್ಡ ಅನ್ಯಾಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ತೀರ್ಪಿನ ಪ್ರತಿ ತರಿಸಿಕೊಂಡು ಹಳೆಯ ಸುದ್ದಿಯ ಮೇಲ್ಭಾಗದಲ್ಲೇ "ಈ ಪ್ರಕರಣದಲ್ಲಿ ಇವರು ಖುಲಾಸೆಯಾಗಿದ್ದಾರೆ" ಅಂತ ದಿನಾಂಕ ಸಮೇತ ಹಾಕುತ್ತೇವೆ. ಸುದ್ದಿಯನ್ನು ಸುಮ್ನೆ ಮಾಯ ಮಾಡುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಅಥವಾ ಮಕ್ಕಳ ಗುರುತು ಎಲ್ಲಾದರೂ ಉಳಿದಿದ್ದರೆ ಮಾತ್ರ ಚರ್ಚೆಯೇ ಇಲ್ಲ. ಆ ಕ್ಷಣವೇ ತೆಗೆಯಬೇಕು.

ನಿವೃತ್ತ ಸುದ್ದಿ ಸಂಪಾದಕ

ಒಂದು ಮಾತು ಉಳಿದಿದೆ. ಸುದ್ದಿ ಬರೆದವರೇ ಆ ಸುದ್ದಿಯ ದೂರನ್ನು ವಿಚಾರಿಸಬಾರದು. ಬರೆದವರಿಂದ ವಿವರ ಪಡೆಯಿರಿ, ತೀರ್ಮಾನ ಬೇರೆಯವರದಾಗಿರಲಿ. ಜಪಾನಿನ ಅಸಾಹಿ ಶಿಂಬುನ್ 1922ರಲ್ಲೇ ಓದುಗರ ದೂರು ನೋಡಲು ಸಮಿತಿ ಮಾಡಿತ್ತು. ಅಮೆರಿಕದ ಲೂಯಿವಿಲ್‌ನ ಪತ್ರಿಕೆಗಳು 1967ರಲ್ಲಿ ಅದಕ್ಕೆಂದೇ ಒಬ್ಬರನ್ನು ನೇಮಿಸಿದವು. ಗಾರ್ಡಿಯನ್ 1997ರಲ್ಲಿ, ದಿ ಹಿಂದೂ 2006ರಲ್ಲಿ ಓದುಗರ ಸಂಪಾದಕರನ್ನು ಇಟ್ಟುಕೊಂಡವು. ಮುಚ್ಚಿದವರೂ ಇದ್ದಾರೆ. ವಾಷಿಂಗ್ಟನ್ ಪೋಸ್ಟ್ 2013ರಲ್ಲಿ, ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ಆ ಹುದ್ದೆ ತೆಗೆದುಹಾಕಿದವು. ಅದು ಹಿನ್ನಡೆ ಅಂತಲೇ ನಾನು ನಂಬಿದ್ದೇನೆ. ಸಣ್ಣ ಪತ್ರಿಕೆಗೆ ಬೇರೆ ಹುದ್ದೆ ಮಾಡಲು ಆಗದು, ಸರಿ. ಡೆಸ್ಕ್‌ನಲ್ಲಿ ಒಬ್ಬರಿಗೆ ಈ ಜವಾಬ್ದಾರಿ ಹಂಚಬಹುದಲ್ಲ?

ಹೊಸ ಟ್ರೈನಿ

ದಿನಾ ಫೋನ್ ಮಾಡುವವರ ಬಗ್ಗೆ ಯಾರೂ ಹೇಳಲಿಲ್ಲ. ಒಬ್ಬ ಹಿರಿಯರು ಪ್ರತಿ ಬೆಳಿಗ್ಗೆ ಮಾಡಿ ಕಾಗುಣಿತದ ತಪ್ಪು ಓದುತ್ತಾರೆ. ಆಮೇಲೆ ಮನೆ ವಿಷಯಕ್ಕೆ ಬರುತ್ತಾರೆ, ಬಿಡುವುದೇ ಇಲ್ಲ. ಮೊನ್ನೆ ಇನ್ನೊಬ್ಬರು "ಈ ಸುದ್ದಿ ನೋಡಿ ಬದುಕೋದೇ ಬೇಡ ಅನ್ನಿಸಿದೆ" ಅಂದರು. ಕೈಕಾಲೇ ಆಡಲಿಲ್ಲ.

ಕೋರ್ಟ್ ವರದಿಗಾರ್ತಿ

ಎರಡನೆಯದನ್ನು ಮೊದಲು ಹೇಳುತ್ತೇನೆ. ಅಂಥ ಮಾತು ಬಂದ ಕೂಡಲೇ ಸುದ್ದಿ, ದೂರು ಎಲ್ಲ ಬದಿಗೆ. ಫೋನ್ ಇಡಬೇಡಿ, ಬೇರೆ ವಿಭಾಗಕ್ಕೆ ದಾಟಿಸಲೂ ಬೇಡಿ. ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಅಂತ ಮೆಲ್ಲಗೆ ಕೇಳಿ. ಚೀಟಿ ಬರೆದು ಪಕ್ಕದವರಿಗೆ ಕೊಡಿ, ಅವರು 112ಕ್ಕೆ ಫೋನ್ ಮಾಡಲಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಆ ನಂಬರ್ ಫೋನಿನ ಪಕ್ಕದಲ್ಲೇ ಅಂಟಿಸಿಡಿ. ಕರೆ ಮುಗಿದ ಮೇಲೆ ನೀವೂ ಯಾರ ಹತ್ತಿರವಾದರೂ ಮಾತಾಡಿ. ಒಬ್ಬರೇ ಹೊತ್ತುಕೊಂಡು ಕೂರಬೇಡಿ.

ಆ ಹಿರಿಯರಿಗೆ ಒಂದು ಹೊತ್ತು ಹೇಳಿ. "ಸರ್, ಹನ್ನೊಂದಕ್ಕೆ ಮಾಡಿ, ಐದು ನಿಮಿಷ ಬಿಡುವಿರುತ್ತದೆ." ಐದು ನಿಮಿಷ ಆದ ಮೇಲೆ ಹೇಳಿಯೇ ಇಡಿ. ಅವರು ಹೇಳಿದ ತಪ್ಪುಗಳನ್ನು ಬರೆದುಕೊಳ್ಳಿ. ಅಷ್ಟು ಶ್ರದ್ಧೆಯಿಂದ ಪತ್ರಿಕೆ ಓದುವವರು ಇನ್ನು ಎಷ್ಟು ಜನ ಇದ್ದಾರೆ?

ಡೆಸ್ಕ್ ಉಪಸಂಪಾದಕಿ

ಈ ಚರ್ಚೆಯನ್ನು ಪ್ರಿಂಟ್ ತೆಗೆದು ಸಂಪಾದಕರಿಗೆ ತೋರಿಸಿದೆ. ಫೋನಿನ ಪಕ್ಕ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ದಿನಾಂಕ, ಪುಟ, ಸಾಲು, ಅವರು ಕೇಳಿದ್ದೇನು, ಯಾರು ಎಷ್ಟು ಗಂಟೆಯೊಳಗೆ ವಾಪಸ್ ಫೋನ್ ಮಾಡುತ್ತಾರೆ, ಮಾಡಿದರಾ ಇಲ್ಲವಾ. ತಿದ್ದುಪಡಿಗೆ ಮೂರನೇ ಪುಟದಲ್ಲಿ ಕಾಯಂ ಜಾಗ ಸಿಕ್ಕಿದೆ. ಜಾಹೀರಾತು ವಿಭಾಗದವರು ಇನ್ನೂ ಪೂರ್ತಿ ಒಪ್ಪಿಲ್ಲ, ಅವರ ಜೊತೆ ಈ ವಾರ ಕೂತು ಮಾತಾಡಬೇಕು. ಹೊಲಸು ಮಾತಾಡಿದರೆ ಫೋನ್ ಇಡಬಹುದು ಅಂತ ಸಂಪಾದಕರು ಸಹಿ ಹಾಕಿದ ಚೀಟಿ ಗೋಡೆ ಮೇಲಿದೆ.

ಹಳೆಯ ಓದುಗ

ನಿಧನ ವಾರ್ತೆ ತಪ್ಪಾದರೆ ಏನು ಮಾಡುತ್ತೀರಿ ಮೇಡಂ?

ಡೆಸ್ಕ್ ಉಪಸಂಪಾದಕಿ

ಮರುದಿನ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ, ಫೋಟೊ ಸಮೇತ ಪೂರ್ತಿ ಮತ್ತೆ ಹಾಕುತ್ತೇವೆ ಸರ್. ದುಡ್ಡು ತೆಗೆದುಕೊಳ್ಳುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ಮನೆಯವರಿಗೆ ಫೋನ್ ಮಾಡಿ ಹೆಸರು ಓದಿ ಹೇಳುತ್ತೇವೆ.